ಅವಿಶ್ವಾಸ ಗೊತ್ತುವಳಿಯ ಹೊತ್ತಿನ ನಿದ್ದೆ

ಅವಿಶ್ವಾಸ ಗೊತ್ತುವಳಿಯ ನೋಟಿಸು ಬಂದಾಗಿನಿಂದ ದಾನೇಶ್ವರಿಯ ನಿದ್ದೆ ಉಲ್ಟಾ ಹೊಡೆದಿತ್ತು. ರಾತ್ರಿಯಿಡೀ ಯಾವ ಸದಸ್ಯ ಯಾರ ಕಡೆ ಎಂದು ಯೋಚಿಸುತ್ತ ಹೊರಳಾಡುವಳು. ಬೆಳಗಾದ ಮೇಲೆ ಕಣ್ಣು ಮುಚ್ಚುವಳು. ಸಿಂದಗಿ ತಾಲ್ಲೂಕಿನ ಸಣ್ಣದೊಂದು ಗ್ರಾಮ ಪಂಚಾಯತಿಗೆ ಅವಳು ಅಧ್ಯಕ್ಷೆ. ನೀರಿನ ಟಾಕಿಯನ್ನು ಉಪಾಧ್ಯಕ್ಷ ಮಲ್ಲಣ್ಣನ ಓಣಿ ಬಿಟ್ಟು ಶಾಲೆಯ ಹತ್ತಿರ ಕಟ್ಟಿಸಿದ್ದೇ ಜಗಳದ ಮೂಲ. ನೋಟಿಸು ಕೊಡಿಸಿದವನೂ ಅವನೇ.

ಒಂದು ಮಧ್ಯಾಹ್ನ ಕಚೇರಿಯಲ್ಲಿ ಅರ್ಜಿಗೆ ಸಹಿ ಮಾಡುತ್ತಲೇ ಅವಳು ತೂಕಡಿಸಿದಳು. ಪೆನ್ನು ಕಾಗದ ದಾಟಿ, ಟೇಬಲ್ಲಿನ ಮೇಲೆ ಹರಿದು, ಅರ್ಜಿ ತಂದಿದ್ದ ಮಾಬುಬಿಯ ಅಂಗೈಗೆ ಬಂದು ನಿಂತಿತು.

"ನನ್ನ ಕೈ ಮ್ಯಾಲೂ ಸಹಿ ಬೇಕೇನ್ರಿ ಅಕ್ಕಾರ?" ಎಂದಳು ಮಾಬುಬಿ.

ಸುದ್ದಿ ಕೇಳಿದ ಅತ್ತೆ ರುಕ್ಮವ್ವ ಸೊಸೆಯನ್ನು ಸಿಂದಗಿಯ ಡಾಕ್ಟರ ಬಳಿ ಎಳೆದೊಯ್ದಳು. ಅವರು ಗುಳಿಗೆ ಬರೆಯಲಿಲ್ಲ. ಹಗಲು ಮಲಗಬಾರದು, ಮಧ್ಯಾಹ್ನದ ಮೇಲೆ ಚಹಾ ಬೇಡ, ರಾತ್ರಿ ಮೊಬೈಲು ಬೇಡ, ನಿದ್ದೆ ಬರಲಿ ಬಿಡಲಿ ದಿನಾ ಒಂದೇ ಹೊತ್ತಿಗೆ ಎದ್ದು ಎಳೆಬಿಸಿಲಲ್ಲಿ ಅಡ್ಡಾಡಬೇಕು ಎಂದರು.

ರುಕ್ಮವ್ವ ಇದನ್ನೇ ಕಾನೂನು ಮಾಡಿಕೊಂಡಳು. ಸೊಸೆ ಹಗಲಲ್ಲಿ ಗೋಡೆಗೆ ಒರಗಿದರೆ ಸಾಕು, ಮುಂದೆ ಶೇಂಗಾದ ಬುಟ್ಟಿ ಇಡುವಳು. "ಸುಲಿ. ಕಣ್ಣು ಮುಚ್ಚಿದ್ರ ಇನ್ನೊಂದು ಬುಟ್ಟಿ ತರ್ತೇನಿ." ಸಂಜೆಯಾದರೆ ಮೊಬೈಲು ಜೋಳದ ಹಿಟ್ಟಿನ ಡಬ್ಬಿಯೊಳಗೆ. ಅಧ್ಯಕ್ಷರಿಗೆ ಬಂದ ಕರೆಗಳೆಲ್ಲ ಹಿಟ್ಟಿನಲ್ಲೇ ಗುಂಯ್‌ಗುಟ್ಟಿ ಸುಮ್ಮನಾಗುತ್ತಿದ್ದವು.

ಒಂದು ಬೆಳಿಗ್ಗೆ ಯಂಕಂಚಿಗೆ ಹೋಗುವ ಹಾದಿಯಲ್ಲಿ ಅಡ್ಡಾಡಲು ಹೋದರೆ ಎದುರಿಗೆ ಮಲ್ಲಣ್ಣನೇ ಬಂದ. ಕಣ್ಣು ಕೆಂಪಗಾಗಿದ್ದವು.

"ನೀವೂ ಏನ್ರಿ ಅಣ್ಣಾರ?"

"ಹೌದ್ರಿ. ನಮ್ಮವರು ಯಾವಾಗ ನಿಮ್ಮ ಕಡೆ ಹೊಳ್ಳತಾರೋ ಅಂತ ನಿದ್ದೀನ ಹತ್ತವಲ್ದು. ನನಗೂ ಅದ ಡಾಕ್ಟರು, ಅದ ಬಿಸಲು."

ಹಾದಿ ಒಂದೇ ಇದ್ದುದರಿಂದ ಇಬ್ಬರೂ ಒಂದೊಂದು ಬದಿ ಹಿಡಿದು ನಡೆದರು. ನೋಡಿದವರು ರಾಜಿಯಾಯಿತೆಂದು ಸುದ್ದಿ ಹಬ್ಬಿಸಿದರು. ಈಗ ಎರಡೂ ಕಡೆಯ ಸದಸ್ಯರ ನಿದ್ದೆಯೂ ಕೆಟ್ಟಿತು.

ಕೆಲವು ದಿನಗಳಲ್ಲಿ ದಾನೇಶ್ವರಿಗೆ ರಾತ್ರಿ ಊಟವಾಗುತ್ತಲೇ ಆಕಳಿಕೆ ಬರತೊಡಗಿತು. ಕದ್ದು ಚಹಾ ಕುಡಿಯುತ್ತಿದ್ದ ಮಲ್ಲಣ್ಣನಿಗೆ ಮಾತ್ರ ಬರಲಿಲ್ಲ.

ಸಭೆಯ ದಿನ ಎಲ್ಲರೂ ಬಂದು ಕೂತರೂ ಮಲ್ಲಣ್ಣನ ಕುರ್ಚಿ ಖಾಲಿ. ಫೋನಿಗೂ ಉತ್ತರವಿಲ್ಲ. ಅವನನ್ನು ಕರೆತರಲು ಅವನ ಕಡೆಯವರು ಸದಸ್ಯ ಮಾನಪ್ಪನನ್ನು ಅಟ್ಟಿದರು. ಮಾನಪ್ಪ ಒಬ್ಬನೇ ಏದುಸಿರು ಬಿಡುತ್ತ ಮರಳಿದ.

"ಹೆಂಡ್ತಿ ರೇವವ್ವ ಬಾಗಲಕ್ಕ ಅಡ್ಡ ಕುಂತಾಳ್ರಿ. 'ಇಷ್ಟು ದಿವಸ ತಾನೂ ಮಲಗಲಿಲ್ಲ, ನನ್ನೂ ಮಲಗಗೊಡಲಿಲ್ಲ. ಬೆಳಗಾಗೂ ಮುಂದ ಕಣ್ಣು ಹತ್ತ್ಯಾವ. ಎಬ್ಬಿಸಿದವರ ಕಾಲು ಮುರೀತೇನಿ' ಅಂದ್ಲು. ಕೈಯಾಗ ಒನಕಿ ಐತ್ರಿ."

ಒಂದು ಕೈ ಕಡಿಮೆಯಾಗಿ ಗೊತ್ತುವಳಿ ಬಿತ್ತು. ದಾನೇಶ್ವರಿ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಪಾಪ ಅನ್ನಿಸಿತು.

ಸಂಜೆ ಅವಳೇ ಮಲ್ಲಣ್ಣನ ಮನೆಗೆ ಹೋದಳು. ಅವನು ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಟಾಕಿ ಹೋತು, ಸಿಗೂ ಕುರ್ಚಿನೂ ಹೋತು," ಎಂದ. ಆಮೇಲೆ ಮೈಮುರಿದ. "ಆದ್ರ ಅಧ್ಯಕ್ಷರ, ಎಂಥಾ ನಿದ್ದಿ ಅಂತೀರಿ!"

"ನಿಮ್ಮ ಓಣಿಗೆ ಟಾಕಿಯಿಂದ ಪೈಪು ಎಳಸ್ತೇನಿ ಅಣ್ಣಾರ, ಚಿಂತಿ ಬಿಡ್ರಿ!" ಎಂದಳು ದಾನೇಶ್ವರಿ, ಗಟ್ಟಿಯಾಗಿ.

ಮಲ್ಲಣ್ಣ ಗಾಬರಿಯಿಂದ ಬಾಗಿಲತ್ತ ನೋಡಿದ.

"ಮೆಲ್ಲಕ ಮಾತಾಡ್ರಿ," ಎಂದು ಪಿಸುಗುಟ್ಟಿದ. "ಈಗ ಆಕಿ ಮಲಗ್ಯಾಳ."