ಬರೀ ಬೀರು

ಬಿಲಿಯರ್ಡ್ಸ್ ಹಾಲಿನ ಬಾಗಿಲು ತೆಗೆದ ಕೂಡಲೇ ಅಕ್ಕ ಮಾಡುತ್ತಿದ್ದ ಮೊದಲ ಕೆಲಸವೆಂದರೆ ನಾಲ್ಕೂ ಮೇಜುಗಳ ಹಸಿರು ಬಟ್ಟೆಗೆ ಬ್ರಷ್ ಎಳೆಯುವುದು. ಅಪ್ಪ ಕಲಿಸಿದಂತೆ ಒಂದೇ ದಿಕ್ಕಿಗೆ, ಬೆಕ್ಕಿನ ಬೆನ್ನು ಸವರಿದ ಹಾಗೆ. ಅಪ್ಪ ಹೋದ ಮೇಲೆ ಹಾಲನ್ನು ಅವಳೂ ತಮ್ಮನೂ ನಡೆಸುತ್ತಿದ್ದರು. ತಮ್ಮ ಕರೆಯುವುದನ್ನು ಕೇಳಿ ಕೇಳಿ ಬೀದಿಗೆಲ್ಲ ಅವಳು ಅಕ್ಕನೇ ಆಗಿಬಿಟ್ಟಿದ್ದಳು. ಈಚೆಗೆ ಆಡುವವರು ಕಡಿಮೆಯಾಗಿದ್ದರು. ಎರಡು ಮೇಜುಗಳ ಮೇಲಂತೂ ಬ್ರಷ್ಷಿನ ಗೆರೆ ಸಂಜೆಯವರೆಗೂ ಅಳಿಸದೆ ಹಾಗೇ ಉಳಿಯುತ್ತಿತ್ತು.

"ಬೀರಿನ ಲೈಸೆನ್ಸ್ ತಗೊಳ್ಳೋಣ ಅಕ್ಕ," ಎಂದ ತಮ್ಮ ಒಂದು ದಿನ. "ಬ್ರಾಂದಿ, ವಿಸ್ಕಿ ಏನೂ ಬೇಡ. ಬರೀ ಬೀರು."

ಅವಳು ಅವನ ಮುಖ ನೋಡಿದಳು. ಐದು ವರ್ಷಗಳ ಹಿಂದೆ ಅದೇ ಮುಖ ಆಸ್ಪತ್ರೆಯ ದಿಂಬಿನ ಮೇಲೆ ಹಳದಿಗಟ್ಟಿ ಬಿದ್ದಿತ್ತು.

"ಹಾಗೆ ನೋಡಬೇಡ. ನಾನು ಮುಟ್ಟಲ್ಲ," ಎಂದ ಅವನು. "ಮಾರೋನು ಕುಡೀಲೇಬೇಕು ಅಂತ ಏನಿದೆ? ಜನ ಹೇಗಿದ್ರೂ ಕುಡೀತಾರೆ. ಎಲ್ಲೋ ಗೋಡೆ ಮರೇಲಿ ಕುಡಿಯೋ ಬದಲು ಇಲ್ಲಿ ಬೆಳಕಲ್ಲಿ, ನಿನ್ನ ಕಣ್ಣೆದುರಿಗೇ ಕೂತು ಕುಡೀಲಿ. ನಾಲ್ಕು ಜನ ಆಟಾನೂ ಆಡ್ತಾರೆ."

ಅವನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವಂತಿರಲಿಲ್ಲ. ಹಾಲು ಮುಚ್ಚಿದರೆ ಅವನು ಹಗಲೆಲ್ಲ ಎಲ್ಲಿ ಅಲೆಯುತ್ತಾನೋ ಎಂಬ ಹೆದರಿಕೆಯೂ ಅವಳಿಗಿತ್ತು. ಹಾಲು ಅವಳ ಹೆಸರಿನಲ್ಲಿದ್ದದ್ದರಿಂದ ಅರ್ಜಿಗೆ ಅವಳೇ ಸಹಿ ಹಾಕಿದಳು.

ತಮ್ಮ ಗೊತ್ತುಮಾಡಿದ ಲೈಸೆನ್ಸ್ ಏಜೆಂಟು ನಗುನಗುತ್ತಲೇ ಕಾಗದಪತ್ರ ಓಡಿಸಿದ. "ಬೀರಿನ ಲೈಸೆನ್ಸ್ ಅಂದ್ರೆ ನೀರು ಕುಡಿದಷ್ಟು ಸುಲಭ ಮೇಡಂ," ಎಂದು ತಾನೇ ಹೇಳಿ ತಾನೇ ನಕ್ಕ. ಬಾಗಿಲಿಗೆ ಒಂದು ನೋಟಿಸು ಅಂಟಿಸಬೇಕು, ಇಪ್ಪತ್ತೊಂದು ದಿನದೊಳಗೆ ಯಾರದಾದರೂ ತಕರಾರಿದ್ದರೆ ಅಬಕಾರಿ ಕಚೇರಿಗೆ ಬರೆದುಕೊಡುತ್ತಾರೆ, ಇಲ್ಲದಿದ್ದರೆ ಮರುದಿನವೇ ವಿಚಾರಣೆ ಮುಗಿಸಿ ಸಹಿ ಹಾಕುತ್ತಾರೆ, ಅಷ್ಟೇ. ನೋಟಿಸು ಅಂಟಿಸಿದ ದಿನವೇ ತಮ್ಮ ಗಾಜಿನ ಬಾಗಿಲಿನ ಎತ್ತರದ ಫ್ರಿಜ್ಜೊಂದನ್ನು ತರಿಸಿ ಕೌಂಟರಿನ ಹಿಂದೆ ನಿಲ್ಲಿಸಿದ. ಒಳಗೆ ಏನೂ ಇರಲಿಲ್ಲ. ಆದರೂ ಚಾಲೂ ಇರಲಿ ಎಂದ. ಅದು ಬಿಳಿ ಬೆಳಕು ಚೆಲ್ಲುತ್ತ ಸಣ್ಣಗೆ ಗುಂಯ್‌ಗುಡತೊಡಗಿತು.

ಮೂರನೆಯ ದಿನ ಮಧ್ಯಾಹ್ನ ಮೊದಲನೆಯವನು ಬಂದ. ಎದುರು ಸಾಲಿನ ದರ್ಜಿ. ಅಂಗಿಯ ತೋಳಿನಲ್ಲಿ ನೂಲಿನ ಚೂರುಗಳು ಇನ್ನೂ ಅಂಟಿಕೊಂಡಿದ್ದವು. ಕ್ಯೂ ಕೋಲುಗಳ ಕಡೆ ಕಣ್ಣೂ ಹಾಯಿಸದೆ ಗೋಡೆಬದಿಯ ಕುರ್ಚಿಯಲ್ಲಿ ಕೂತ.

"ಇನ್ನೂ ಶುರುವಾಗಿಲ್ಲಪ್ಪ," ಎಂದಳು ಅಕ್ಕ.

"ಗೊತ್ತು. ಸುಮ್ನೆ ಕೂತಿರ್ತೀನಿ."

ಮರುದಿನ ಮೂವರು ಬಂದರು. ವಾರ ಕಳೆಯುವಷ್ಟರಲ್ಲಿ ಒಂಬತ್ತು ಜನ. ಬಸ್ ಓಡಿಸಿ ನಿವೃತ್ತನಾದವನೊಬ್ಬ, ಗಡಿಯಾರ ರಿಪೇರಿಯವನೊಬ್ಬ, ಉಳಿದವರ ಗುರುತು ಅವಳಿಗಿರಲಿಲ್ಲ. ಎಲ್ಲರೂ ಮೂರು ಗಂಟೆಗೆ ಸರಿಯಾಗಿ ಬರುತ್ತಿದ್ದರು. ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ಕುರ್ಚಿಗಳನ್ನು ಸದ್ದಾಗದಂತೆ ಎತ್ತಿ ಕೌಂಟರಿನ ಕಡೆ ತಿರುಗಿಸಿಕೊಂಡು ಕೂರುತ್ತಿದ್ದರು. ಅವರೆಲ್ಲರ ಕಣ್ಣು ಒಂದೇ ಕಡೆ, ಬೆಳಗುತ್ತಿದ್ದ ಆ ಖಾಲಿ ಫ್ರಿಜ್ಜಿನ ಮೇಲೆ. ಅಷ್ಟೂ ಬಲಗೈಗಳು ತೊಡೆಯ ಮೇಲೆ ಅರ್ಧ ಮಡಚಿಕೊಂಡಿದ್ದವು, ಕಾಣದ ಲೋಟವೊಂದನ್ನು ಹಿಡಿದ ಹಾಗೆ. ಆಡಲು ಬಂದಿದ್ದ ಇಬ್ಬರು ಹುಡುಗಿಯರು ಅದನ್ನು ನೋಡಿ ಆಟ ಅರ್ಧಕ್ಕೇ ಬಿಟ್ಟು ಹೊರಟುಹೋದರು. ಮತ್ತೆ ಬರಲಿಲ್ಲ.

"ಇದೊಳ್ಳೆ ಅದೃಷ್ಟ!" ಎಂದ ಏಜೆಂಟು. "ಅಂಗಡಿ ತೆರೆಯೋಕೆ ಮುಂಚೆ ಗಿರಾಕಿ."

"ಅವರು ಕಣ್ಣು ಮಿಟುಕಿಸೋದನ್ನೇ ನಾನು ನೋಡಿಲ್ಲ," ಎಂದಳು ಅಕ್ಕ. ಅದಕ್ಕೂ ಅವನು ನಕ್ಕ.

ಒಂಬತ್ತನೆಯ ದಿನ ಹೊಸ್ತಿಲಾಚೆ ಒಬ್ಬ ಹೆಂಗಸು ಬಂದು ನಿಂತಳು. ಬೈಯಲು ಬಂದಿದ್ದಾಳೆಂದೇ ಅಕ್ಕ ಎದೆ ಗಟ್ಟಿ ಮಾಡಿಕೊಂಡಳು. ಆದರೆ ಆಕೆಯ ದನಿ ತಣ್ಣಗಿತ್ತು.

"ಲೈಸೆನ್ಸ್ ಯಾವತ್ತು ಬರುತ್ತೆ ಅಕ್ಕ?"

"ಇಪ್ಪತ್ತೊಂದು ದಿನ ಕಳೀಬೇಕು. ಇನ್ನು ಹನ್ನೆರಡು ದಿನ. ಯಾಕಮ್ಮ?"

"ನಮ್ಮೋರು ಅಲ್ಲಿ ಕೂತಿದಾರೆ." ಆಕೆ ದರ್ಜಿಯ ಕಡೆ ಬೆರಳು ತೋರಿಸಲಿಲ್ಲ, ಗಲ್ಲ ತಿರುಗಿಸಿದಳಷ್ಟೆ. "ಬಿಟ್ಟು ಎರಡು ವರ್ಷ ಆಗಿತ್ತು. ಹನ್ನೆರಡು ದಿನ ಇದೆ ಅಂದ್ರಲ್ಲ, ಅಷ್ಟರೊಳಗೆ ಮಗಳನ್ನ ನನ್ನ ತಂಗಿ ಮನೇಲಿ ಬಿಟ್ಟು ಬರಬಹುದು. ಅದಕ್ಕೇ ಕೇಳಿದೆ."

"ಬೇಡ ಅನ್ನಿಸಿದ್ರೆ ತಕರಾರು ಬರೆದುಕೊಡಿ. ಹಕ್ಕಿದೆ ನಿಮಗೆ."

"ಬರೆದುಕೊಟ್ಟು ಆಮೇಲೆ ಅದೇ ಮನೆಗೆ ತಾನೇ ನಾನು ಹೋಗಬೇಕು?" ಎಂದು ಆಕೆ ಹೊರಟುಹೋದಳು. ದರ್ಜಿ ತಲೆ ತಿರುಗಿಸಿಯೂ ನೋಡಲಿಲ್ಲ.

ಅಂದಿನಿಂದ ಅಕ್ಕ ಮಧ್ಯಾಹ್ನವಾಗುತ್ತಿದ್ದಂತೆ ಮತ್ತೆ ಮತ್ತೆ ಗಡಿಯಾರ ನೋಡತೊಡಗಿದಳು. ಬಾಗಿಲು ಹಾಕಿ ನೋಡಿದಳು. ಅವರು ಹೊರಗೆ ಸಾಲಾಗಿ, ಕಿಟಕಿಯ ಗಾಜಿಗೆ ಮುಖವೊತ್ತಿ ನಿಂತರು. ಅದಕ್ಕಿಂತ ಒಳಗೆ ಕೂರುವುದೇ ವಾಸಿಯೆನಿಸಿತು. ಹತ್ತೊಂಬತ್ತನೆಯ ದಿನ ಅವಳು ತಲೆಗಳನ್ನು ಎಣಿಸಿದಳು. ಹದಿನಾಲ್ಕು. ಹಿಂದಿನ ದಿನ ಹದಿಮೂರಿದ್ದರು. ಹೊಸಬ ಯಾರೆಂದು ಸಾಲಿನುದ್ದಕ್ಕೂ ನೋಡುತ್ತ ಹೋದವಳು ಕೊನೆಯ ಕುರ್ಚಿಯ ಬಳಿ ನಿಂತುಬಿಟ್ಟಳು.

ತಮ್ಮ ಕೂತಿದ್ದ. ಬಲಗೈ ಅರ್ಧ ಮಡಚಿತ್ತು.

"ಲೋ," ಎಂದಳು. ಅವನಿಗೆ ಕೇಳಿಸಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದ ಮೇಲೆ, "ಏನಕ್ಕ? ಸುಮ್ನೆ ಕೂತಿದ್ದೆ," ಎಂದ.

ವಿಚಾರಣೆಯ ದಿನ ಕಚೇರಿಯಲ್ಲಿ ಅಧಿಕಾರಿಣಿ ಕಡತ ತಿರುವಿದರು. "ಒಂದೂ ತಕರಾರಿಲ್ಲ. ಶಾಲೆಯಿಂದ ದೂರ ಸರಿಯಿದೆ, ಬೆಂಕಿ ಆರಿಸೋ ವ್ಯವಸ್ಥೆ ಸರಿಯಿದೆ. ಇಂಥ ಚೊಕ್ಕ ಅರ್ಜಿ ಅಪರೂಪ," ಎಂದು ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ಒಂದು ಬಿಳಿ ಹಾಳೆ ಕೊಡ್ತೀರಾ?" ಎಂದಳು ಅಕ್ಕ.

ಪಕ್ಕದಲ್ಲಿದ್ದ ಏಜೆಂಟು ಮೊದಲ ಸಲ ನಗುವುದನ್ನು ನಿಲ್ಲಿಸಿದ. ಅವಳು ನಿಂತುಕೊಂಡೇ ನಾಲ್ಕು ಸಾಲು ಬರೆದಳು. ಅಧಿಕಾರಿಣಿ ಓದಿ ಕನ್ನಡಕ ಸರಿಮಾಡಿಕೊಂಡರು. "ನಿಮ್ಮ ಅರ್ಜಿಗೆ ನಿಮ್ಮದೇ ತಕರಾರು? ಅದೂ ಗಡುವು ಮುಗಿದ ಮೇಲೆ? ಸುಮ್ಮನೆ ವಾಪಸ್ ತಗೊಂಡ್ರೆ ಸಾಕಲ್ಲಮ್ಮ."

"ವಾಪಸ್ ತಗೊಂಡ್ರೆ ನಾಳೆ ಮತ್ತೆ ಹಾಕಬಹುದು, ಮೇಡಂ. ನನ್ನ ಕೈಬರಹದಲ್ಲಿ ಇದು ಕಡತದಲ್ಲೇ ಇರಲಿ."

ತಮ್ಮ ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಲೈಸೆನ್ಸಿಗೆ ತಕರಾರು ಬಿದ್ದಿದೆ ಎಂದು ಅಕ್ಕ ಹೇಳಿದ್ದೇ ಕೆಂಡವಾದ. "ಯಾರದು? ಹೆಸರು ಹೇಳು!"

"ನಾನೇ ಕಣೋ."

ಅವನು ನಿಧಾನವಾಗಿ ಮೆಟ್ಟಿಲ ಮೇಲೆ ಕುಸಿದು ಕೂತ. ಅಂಗೈಗಳಿಂದ ಮುಖ ಉಜ್ಜಿಕೊಂಡ.

"ಅಕ್ಕ, ಆ ಫ್ರಿಜ್ಜು ಖಾಲಿ ಇದೆ ಅಂತ ನೀನು ದಿನಾ ಹೇಳ್ತಿದ್ದೆ," ಎಂದ ಕಡೆಗೆ. "ನನಗೆ ಅದರಲ್ಲಿ ಬಾಟ್ಲಿ ಕಾಣ್ತಿತ್ತು. ಸಾಲು ಸಾಲಾಗಿ, ಮೈ ಮೇಲೆ ನೀರಹನಿ. ಮೊದಲನೇ ದಿನದಿಂದ್ಲೂ. ಅವರಿಗೂ ಕಾಣುತ್ತೆ. ನಿನಗೊಬ್ಬಳಿಗೇ ಕಾಣ್ತಿರಲಿಲ್ಲ."

ಅವಳು ಅವನ ಕೈ ಹಿಡಿದು ಎಬ್ಬಿಸಿದಳು.

ಹಾಲಿನ ಹತ್ತಿರ ಬಂದಾಗ ಮೂರು ಗಂಟೆ ಮೀರಿತ್ತು. ಬೀಗ ಹಾಕದೆ ಬಿಟ್ಟುಹೋಗಿದ್ದ ಬಾಗಿಲಿನಿಂದ ಅವರೆಲ್ಲ ಆಗಲೇ ಒಳಗೆ ಬಂದು ಕೂತಿದ್ದರು. "ನಾನು ಒಳಗೆ ಬರಲ್ಲ," ಎಂದ ತಮ್ಮ. ಬಾಗಿಲಿಗೆ ಬೆನ್ನು ಮಾಡಿ ಬೀದಿಯಲ್ಲೇ ನಿಂತ.

ಅಕ್ಕ ಒಬ್ಬಳೇ ಒಳಹೋದಳು. "ಲೈಸೆನ್ಸ್ ಬರಲ್ಲ," ಎಂದಳು. ಯಾರೂ ಮಿಸುಕಲಿಲ್ಲ. ಅವಳು ಕೌಂಟರಿನ ಹಿಂದೆ ಬಗ್ಗಿ ಪ್ಲಗ್ಗು ಕಿತ್ತಳು. ಗುಂಯ್‌ಗುಡುವಿಕೆ ನಿಂತಿತು, ಬೆಳಕು ಆರಿತು. ಕಪ್ಪಾದ ಗಾಜಿನಲ್ಲಿ ಅವರಿಗೆ ಅವರವರ ಮುಖವೇ ಕಂಡಿರಬೇಕು. ದರ್ಜಿ ಮೊದಲು ಕಣ್ಣು ಮಿಟುಕಿಸಿದ. ಎದ್ದು, ಕುರ್ಚಿಯನ್ನು ಗೋಡೆಗೆ ಸೇರಿಸಿಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಎದ್ದರು. ಬಸ್ಸಿನವನು ಮಾತ್ರ ಬಾಗಿಲಲ್ಲಿ ನಿಂತು, "ಬೇರೆಲ್ಲಾದ್ರೂ ನೋಟಿಸ್ ಅಂಟಿಸಿದಾರಾ?" ಎಂದು ಮೆಲ್ಲಗೆ ಕೇಳಿದ.

"ಗೊತ್ತಿಲ್ಲ. ಮನೆಗೆ ಹೋಗಿ," ಎಂದಳು ಅಕ್ಕ.

ಅವಳು ಬೀಗ ಹಾಕಿ ಬಂದಾಗ ತಮ್ಮ ಇನ್ನೂ ಬೆನ್ನು ತಿರುಗಿಸಿಯೇ ನಿಂತಿದ್ದ.

"ಎಲ್ಲ ಹೋದ್ರಾ?"

"ಹೋದ್ರು. ಹದಿಮೂರು ಜನ."

"ಹದಿನಾಲ್ಕಲ್ವಾ ಅಕ್ಕ?" ಎಂದ ಅವನು ಗಾಬರಿಯಿಂದ. "ಒಬ್ಬ ಒಳಗೇ ಉಳಿದುಬಿಟ್ನಾ?"

ಅಕ್ಕ ಅವನ ಬಲಗೈಯನ್ನು ತೆಗೆದುಕೊಂಡು, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇಲ್ಲ ಕಣೋ," ಎಂದಳು. "ಅವನು ಮೊದಲೇ ಎದ್ದು ಬಂದ."