ಎರಡು ಗುಂಡಿಗಳ ಗಡಿಗೆ

ಎರಡೂ ಬುಟ್ಟಿಗಳ ಹಳೆಯ ಮಡಕೆ ಬೋಕಿಗಳನ್ನು ಸಾಬಮ್ಮ ಒಂದೇ ಚಾಪೆಯ ಮೇಲೆ ಸುರಿದುಕೊಂಡು ಕುಳಿತಿದ್ದಳು. ಉತ್ಖನನದ ಉಸ್ತುವಾರಿ ನೋಡುತ್ತಿದ್ದ ಅಬ್ದುಲ್ ಮಜೀದ ಡೇರೆಯಿಂದ ಹೊರಬಂದು ಅದನ್ನು ಕಂಡ. ಭೀಮಾ ದಂಡೆಯ ಆಳದ ಗುಂಡಿಯದು ಒಂದು ಬುಟ್ಟಿ, ದಿಬ್ಬದ ಮೇಲಿನ ಗುಂಡಿಯದು ಇನ್ನೊಂದು. ಬೇರೆ ಬೇರೆ ಕಾಲದ ಇಂಥವು ಬೆರೆಯಬಾರದೆಂದು ಹನ್ನೊಂದು ವರ್ಷಗಳಿಂದ, ನಿಜಾಮರ ಸೀಮೆಯ ಎಷ್ಟೋ ದಿಬ್ಬಗಳಲ್ಲಿ, ಆತ ಕೂಲಿಯವರಿಗೆ ಹೇಳುತ್ತಲೇ ಬಂದಿದ್ದ. ಸದ್ಯ, ತೊಳೆದ ಪ್ರತಿ ಚೂರಿನ ಒಳಮೈಗೂ ಅದರ ಗುಂಡಿಯ ಅಂಕಿಯನ್ನು ಶಾಯಿಯಲ್ಲಿ ಬರೆದಾಗಿತ್ತು.

ಏನು ಮಾಡಿದೆ ಇದು ಎಂದು ಗದರಿದ. ಕೂಲಿಗೆ ಬಂದಿದ್ದ ಸಾಬಮ್ಮ ಕುಂಬಾರ ಮನೆಯವಳು. ಗಂಡ ತಿಗರಿಯಿಂದ ಇಳಿಸಿದ ಹಸಿ ಗಡಿಗೆಯನ್ನು, ಒಳಗೆ ಕಲ್ಲು ಹಿಡಿದು ಹೊರಗೆ ಹಲಗೆಯಿಂದ ಬಡಿದು ತೆಳುಮಾಡುವುದು ಆಕೆಯ ನಿತ್ಯದ ಕೆಲಸ. ಚೂರುಗಳ ಒಳಗಿನ ತಗ್ಗುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು.

“ಒಬ್ಬಾಕಿ ಬಡ್ದದ್ರಿ ಸಾಹೇಬ್ರ. ಎಡಚಿ ಇದ್ದಾಳ, ಏಟು ಈ ಕಡಿ ವಾಲ್ಯಾವ ನೋಡ್ರಿ. ಒಂದ ಗಡಿಗಿ ಎರಡು ಬುಟ್ಟ್ಯಾಗ ಯಾಕ ಇಡ್ಲಿ?”

ಎರಡು ಚೂರು ಎತ್ತಿ ಒಂದಕ್ಕೊಂದು ಒತ್ತಿದಳು. ನಡುವಿನ ಗೆರೆ ಮಾಯವಾಯಿತು. ಮಜೀದ ತಿರುಗಿಸಿ ನೋಡಿದ. ಎರಡರ ಅಂಕಿಗಳು ಬೇರೆ ಬೇರೆ. ಕೂಡಲೇ ಡೇರೆಗೆ ಹೋಗಿ ದಿನಚರಿ ತಂದು ಬರೆದುಕೊಂಡ.

ಹೈದರಾಬಾದಿನಿಂದ ತಪಾಸಣೆಗೆ ಬಂದಿದ್ದ ಮೇಲಧಿಕಾರಿ ನಾಗೇಂದ್ರಪ್ಪ ಅದನ್ನು ಓದಿ, ಮೊದಲು ನಕ್ಕರು. ಈ ಗುಂಡಿಗಳ ನಡುವೆ ಎಂಟುನೂರು ವರ್ಷಗಳ ಅಂತರವಿದೆಯೆಂದು ಅವರ ವರದಿ ಆಗಲೇ ಸರ್ಕಾರಕ್ಕೆ ಹೋಗಿತ್ತು. ಎರಡರಲ್ಲೂ ಒಂದೇ ಗಡಿಗೆ ಸಿಕ್ಕರೆ ಅದು ಸುಳ್ಳಾಗುತ್ತಿತ್ತು. ಬೆರಕೆಯಾದ ಬೋಕಿಗಳನ್ನು ಹೊಳೆಗೆ ಚೆಲ್ಲಿಸಿ, ಈ ಹಾಳೆಯನ್ನು ಹರಿದುಹಾಕಬೇಕೆಂದರು. ಅವರ ಕೈಯಲ್ಲೇ ಮಜೀದನ ಕಾಯಂ ನೌಕರಿಯ ಹುಕುಂ ಇತ್ತು. ಹನ್ನೊಂದು ವರ್ಷ ಹಂಗಾಮಿಯಾಗಿ ದುಡಿದವನಿಗೆ ಬರಬೇಕಾಗಿದ್ದದ್ದು ಅವರ ಸಹಿಯೊಂದೇ.

“ಕೂಲಿ ಹೆಣ್ಮಗಳ ಮಾತಿಗೆ ನಾ ವರದಿ ತಿದ್ದಬೇಕೇನ್ರಿ, ಮಜೀದ ಮಿಯಾ?”

“ಆಕಿ ಮಾತು ಬರ್ದಿಲ್ರಿ ಸಾಬ್. ಚೂರು ಕೂಡ್ಯಾವ, ಅಷ್ಟ ಬರ್ದೀನಿ.” ಮಜೀದ ಲೇಖನಿಯನ್ನು ಶಾಯಿಗೆ ಅದ್ದಿದ. “ಈಗ ಆಕಿ ಮಾತೂ ಬರೀತೀನಿ.”

ಎಡಗೈ ಹೆಣ್ಣಿನ ಏಟು ಎಂದು ಬರೆದ. ಕೆಳಗೆ, ಗುರುತಿಸಿದವರು ಕುಂಬಾರ ಸಾಬಮ್ಮ ಎಂದು ಬಾಯಲ್ಲಿ ಹೇಳುತ್ತ ಬರೆದ. ತನ್ನ ಹೆಸರು ಕೇಳಿ ಆಕೆ ಸೆರಗು ಸರಿಪಡಿಸಿಕೊಂಡಳು. ಬರೆದದ್ದನ್ನು ಮಜೀದ ಜೋರಾಗಿ ಓದಿ, ರುಜು ಮಾಡಿ, ದಿನಚರಿಯನ್ನು ನಾಗೇಂದ್ರಪ್ಪನವರ ಮುಂದೆ ಬಿಚ್ಚಿ ಹಿಡಿದ. ಹರಿಯುವುದಾದರೆ ತಾವೇ ಹರಿಯಬೇಕು, ಹರಿದವರ ಹೆಸರನ್ನೂ ಮುಂದಿನ ಹಾಳೆಯಲ್ಲಿ ಬರೆಯಬೇಕಾಗುತ್ತದೆ ಎಂದ. ಅವರು ದಿನಚರಿಯನ್ನು ಮುಟ್ಟಲಿಲ್ಲ. ಹುಕುಮಿನ ಕಾಗದವನ್ನು ಮಡಚಿ ಕೋಟಿನ ಜೇಬಿಗಿಟ್ಟುಕೊಂಡು, ವಾಡಿ ಸ್ಟೇಷನ್ನಿಗೆ ಟಾಂಗಾ ಹೂಡಲು ಹೇಳಿದರು.

ಟಾಂಗಾ ಧೂಳೆಬ್ಬಿಸಿಕೊಂಡು ಹೋಯಿತು.

“ನಿಮ್ಮ ಕಾಗದ ಒಯ್ದ್ರಲ್ರಿ,” ಎಂದಳು ಸಾಬಮ್ಮ.

“ಒಯ್ಲಿ. ಈ ಗಡಿಗಿ ಬಾಯಿ ಚೂರು ಎಲ್ಲಿ ಅದ, ಹುಡುಕವ್ವ.”

ಅರಗು ಕಾಯಿಸಿ ಎರಡು ಚೂರನ್ನು ಅಂಟಿಸಿ, ಕೂಡಿದ ತುಂಡನ್ನು ಮರಳು ತುಂಬಿದ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿದ. ಅರಗು ಇನ್ನೂ ಗಟ್ಟಿಯಾಗಿರಲಿಲ್ಲ, ಅದನ್ನು ಕರಗಿಸುವಂತೆ ಬಿಸಿಲು ಏರುತ್ತಿತ್ತು. ಸಾಬಮ್ಮ ಚೂರುಗಳನ್ನು ಹುಡುಕುತ್ತಲೇ ಚಾಪೆಯನ್ನು ಎಳೆದುಕೊಂಡು, ತನ್ನ ನೆರಳು ತಟ್ಟೆಯ ಮೇಲೆ ಬೀಳುವಂತೆ ಸರಿದು ಕುಳಿತಳು.