ಕಡ್ಡಾಯದ ಬಾಡೂಟ

ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆಗೆ ತಲಾ ಎರಡು ಸಾವಿರ ಕಡ್ಡಾಯ, ಕೊಡದವರ ಹಾಲ್ ಟಿಕೆಟ್ ತಮ್ಮ ಬೀರುವಿನಲ್ಲೇ ಇರುತ್ತದೆ ಎಂದು ಹೆಡ್ ಮಾಸ್ಟರ್ ರವಿಚಂದ್ರ ಪೋಷಕರ ಸಭೆಯಲ್ಲಿ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ದಾನ ಮಾಡುವವರ ಕಳೆಯಿತ್ತು. ಸರ್ಕಾರಿ ಹೈಸ್ಕೂಲು, ಫೀಸಿಲ್ಲ ಎಂದೇ ನಾವೆಲ್ಲ ಮಕ್ಕಳನ್ನು ಸೇರಿಸಿದ್ದು. ಹಣ ಮೇಷ್ಟ್ರುಗಳ ಶಾಲು, ಹಾರ ಮತ್ತು ಬಂಡೂರು ಕುರಿಯ ಬಾಡೂಟಕ್ಕಂತೆ. ಮಕ್ಕಳನ್ನು ಕಳಿಸಿಕೊಡುವ ದುಃಖದಲ್ಲಿ ಬಾಯಿಗಾದರೂ ಸಮಾಧಾನ ಬೇಕಲ್ಲ.

ಮದ್ದೂರಿನ ಗ್ಯಾರೇಜು ಬಿಟ್ಟು ಬರಲು ನನ್ನ ಯಜಮಾನರಿಗೆ ಆಗಿರಲಿಲ್ಲ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ನಾನೇ ಬಂದಿದ್ದೆ. ಒಂದು ಪದ ಗಡುಸಾದರೂ ಮಗಳು ಮುಸರತ್ ಪರೀಕ್ಷೆಗೆ ಕೂರುವುದಿಲ್ಲ ಎಂಬ ಭಯ.

"ಸರ್, ರಂಜಾನ್ ತಿಂಗಳು. ಅವಳು ರೋಜಾ ಇದ್ದಾಳೆ. ಮಧ್ಯಾಹ್ನ ಉಣ್ಣದ ಊಟಕ್ಕೆ ಹೇಗೆ ಕೊಡಲಿ?"

ಅವರು ನಕ್ಕರು. ಕುರಿಯನ್ನು ನಮ್ಮವರೇ ಆದ ಕಸಾಯಿ ಮುಕರ್ರಂ ಕೈಯಲ್ಲೇ ಕುಯ್ಯಿಸುತ್ತಾರಂತೆ, ನಾವು ಚಿಂತೆ ಮಾಡಬಾರದಂತೆ. ಪ್ರಶ್ನೆ ಕುಯ್ಯುವುದರದ್ದಲ್ಲ, ಸೂರ್ಯ ಮುಳುಗುವವರೆಗೆ ನಾವು ನೀರನ್ನೂ ಕುಡಿಯುವುದಿಲ್ಲ ಎಂದು ವಿವರಿಸಿದೆ. ಅವರು ಸಮಾಜ ವಿಜ್ಞಾನದ ಮೇಷ್ಟ್ರು.

ಒಬ್ಬಳನ್ನು ಬಿಟ್ಟರೆ ಉಳಿದವರೂ ಏಳುತ್ತಾರೆಂಬ ಲೆಕ್ಕ ಅವರ ಕಣ್ಣಲ್ಲಿ ಓಡಿದ್ದನ್ನು ಕಂಡೆ.

"ಹಾಗಾದ್ರೆ ಊಟ ಸೂರ್ಯ ಮುಳುಗಿದ ಮೇಲೇ ಇಟ್ಕೊಳ್ಳೋಣ. ಇನ್ನೇನಮ್ಮ ನೆಪ?"

ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ಇದೇ ಸರ್ವಧರ್ಮ ಸಮನ್ವಯ ಎಂದರು ಒಬ್ಬರು. ನಾನು ಕೂತುಕೊಂಡೆ.

ಹಿಂದಿನ ಬೆಂಚಿನಿಂದ ಮುಸರತ್ ತರಗತಿಯ ರೂಪಳ ತಾತ ಮರಿಸಿದ್ದಯ್ಯ ಎದ್ದರು. "ಕತ್ಲಾದ್ಮೇಲೆ ನಮ್ಮಳ್ಳಿಗೆ ಬಸ್ಸಿಲ್ಲ ಕಣಪ್ಪ ಮೇಷ್ಟ್ರೇ. ಎಣ್ಮಗೀನ ಕಳ್ಸಾಕಿಲ್ಲ. ಬರ್ದೇ ಇರೋ ಊಟಕ್ಕೆ ದುಡ್ಡೂ ಇಲ್ಲ."

"ನಮ್ ಮಗೀನೂ ಬರಾಕಿಲ್ಲ ಬುಡಿ," ಎಂದರು ಪಕ್ಕದಲ್ಲಿದ್ದ ಅವರೂರಿನ ಬೆಳ್ಳಮ್ಮ. "ಬಾಡು ಬೇಕಾದ್ರೆ ನಿಮ್ ಮನೇಲೇ ಬೇಯಿಸ್ಕಳಿ. ಗಮ್ಲು ಬಂದ್ರೆ ಸಾಕು ನಮ್ಗೆ."

ಸಭೆ ನಕ್ಕಿತು. ಆ ಕಡೆಯ ಬಸ್ಸಿಗೆ ಬರುವ ಮಕ್ಕಳೇ ತರಗತಿಯಲ್ಲಿ ಹೆಚ್ಚು. ಸರಿ, ಮಧ್ಯಾಹ್ನವೇ ಇರಲಿ ಎಂದು ಹೆಡ್ ಮಾಸ್ಟರು ತಿರುಗಿಕೊಂಡರು. ನಾನು ಮತ್ತೆ ಎದ್ದು ನಿಂತೆ. ಅವರು ನನ್ನನ್ನೂ ಮರಿಸಿದ್ದಯ್ಯನವರನ್ನೂ ನೋಡಿದರು. ಒಂದೇ ಹೊತ್ತಿನಲ್ಲಿ ಹಗಲೂ ರಾತ್ರಿಯೂ ಆಗುವ ಊಟ ಅವರ ಸಮಾಜ ವಿಜ್ಞಾನದಲ್ಲಿ ಇರಲಿಲ್ಲ.

"ಟಿಕೀಟು ತಡುದ್ರೆ ಯೋಳಿ," ಎಂದರು ಮರಿಸಿದ್ದಯ್ಯ. "ಮಂಡ್ಯದ ಎಜುಕೇಸನ್ ಆಫೀಸ್ಗೆ ಎಲ್ರೂ ಒಂದೇ ಬಸ್ಸಲ್ಲಿ ಓಯ್ತೀವಿ. ಆ ಬಸ್ಸು ಅಗಲೊತ್ತೇ ಅದೆ."

ಈಗ ಹಿಂದಿನ ಬೆಂಚುಗಳೆಲ್ಲ ಎದ್ದವು. ನಿಮಗೆಲ್ಲ ಗುರುಭಕ್ತಿಯೇ ಇಲ್ಲ ಎಂದು ಗೊಣಗುತ್ತ ಹೆಡ್ ಮಾಸ್ಟರು ಬೀರು ತೆಗೆದು ಹಾಲ್ ಟಿಕೆಟುಗಳ ಕಟ್ಟನ್ನು ಮೇಜಿನ ಮೇಲೆ ಎಸೆದರು. ಪಾಪ, ಕುರಿ ಕೈ ತಪ್ಪಿದ ನೋವು.

ಮುಸರತ್‌ಳದ್ದನ್ನು ಹುಡುಕಿ ತೆಗೆದೆ. ಫೋಟೋ ಸರಿ, ಹೆಸರು ಸರಿ, ಸಹಿ ಇತ್ತು. ಸೀಲು ಇರಲಿಲ್ಲ.

"ಸರ್, ಸೀಲು."

ನನ್ನ ಹಣೆಗೇ ಒತ್ತಿದ ಹಾಗೆ ಒತ್ತಿದರು. ಶಾಯಿ ಒಣಗುವವರೆಗೂ ಅವರ ಎದುರೇ ನಿಂತು ಊದಿದೆ.